ಮೂಗಿನ ದಾರಿ

ಸುತ್ತಿ ಬಳಸಿ ಮೂಗು ಹಿಡಿಯೋದು ಅಂತ ನಮ್ಮಲ್ಲೊಂದು ಮಾತಿದೆ. ನೇರವಾಗಿ ಕೈಯೆತ್ತಿ ಮುಟ್ಟುವ ಬದಲು ತಲೆಯ ಹಿಂದಿನಿಂದ ಕೈ ತಂದು ಮೂಗು ಮುಟ್ಟುವವರನ್ನು ನೋಡಿ ನಗುವ ಮಾತು. ನಾನೀಗ ಹೇಳಹೊರಟಿರುವ ಕತೆಯೂ ಹೆಚ್ಚುಕಡಿಮೆ ಅದೇ. ಮೂಗಿನ ಹೊಳ್ಳೆಯಿಂದ ಒಳಕ್ಕೆ ಅರ್ಧ ಗೇಣು ಹೋದರೆ ಸಿಗುವ ಒಂದು ಜಾಗಕ್ಕೆ, ಜಗತ್ತಿನ ಅತಿ ಚತುರ ಶಸ್ತ್ರವೈದ್ಯರು ಮೂವತ್ತಕ್ಕೂ ಹೆಚ್ಚು ವರ್ಷ ತಲೆಬುರುಡೆ ಕೊರೆದು, ಮಿದುಳನ್ನು ಎತ್ತಿ ಹಿಡಿದು ಹೋಗುತ್ತಿದ್ದರು. ಮೂಗಿನ ದಾರಿ ಅವರಿಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು. ನೂರಾರು ಸಲ ಅದೇ ದಾರಿಯಲ್ಲಿ ಹೋಗಿ ಬಂದಿದ್ದರು ಕೂಡ. ಆಮೇಲೆ ಬಿಟ್ಟುಬಿಟ್ಟರು. ಆ ದಾರಿಯಲ್ಲಿ ಹುಲ್ಲು ಬೆಳೆಯದ ಹಾಗೆ ನೋಡಿಕೊಂಡವರು ಬೆರಳೆಣಿಕೆಯ ಜನ. ಅವರು ಇಲ್ಲದೇ ಹೋಗಿದ್ದರೆ ಏನಾಗುತ್ತಿತ್ತೋ.

ಮೊದಲೇ ಹೇಳಿಬಿಡುತ್ತೇನೆ, ನಾನು ಕಿವಿ-ಮೂಗು-ಗಂಟಲಿನ ಡಾಕ್ಟರು. ಮಿದುಳಿನ ಸರ್ಜನ್‌ಗಳ ಮುಂದೆ ನಮ್ಮವರದು ಯಾವಾಗಲೂ ಒಂದು ಮೆಟ್ಟಿಲು ಕೆಳಗಿನ ಕುರ್ಚಿ. ಆದ್ದರಿಂದ ಈ ಚರಿತ್ರೆ ಹೇಳುವಾಗ ನನ್ನದು ಸ್ವಲ್ಪ ಪಕ್ಷಪಾತ ಇದ್ದೇ ಇರುತ್ತದೆ. ಓದುವವರು ಒಂದು ಚಿಟಿಕೆ ಉಪ್ಪು ಸೇರಿಸಿಕೊಳ್ಳಬಹುದು.

ಮೊದಲು ಜಾಗ ಯಾವುದು ಅಂತ ನೋಡೋಣ. ತಲೆಬುರುಡೆಯನ್ನು ಒಂದು ಮಡಕೆ ಅಂದುಕೊಂಡರೆ ಮೇಲಿನ ಭಾಗ ನುಣುಪಾದ ಗುಮ್ಮಟ, ಅಲ್ಲಿ ಕೊರೆಯುವುದು ಸುಲಭ. ತಳ ಹಾಗಲ್ಲ. ಏರುತಗ್ಗು, ಗುಂಡಿ, ತೂತುಗಳ ಒರಟು ನೆಲ. ಮಿದುಳಿನಿಂದ ಕಣ್ಣಿಗೆ, ಮುಖಕ್ಕೆ, ಕಿವಿಗೆ, ನಾಲಿಗೆಗೆ ಹೋಗುವ ನರಗಳೆಲ್ಲ ಈ ತೂತುಗಳಲ್ಲೇ ತೂರಿ ಹೊರಬರಬೇಕು. ಮಿದುಳಿಗೆ ರಕ್ತ ತರುವ ದೊಡ್ಡ ಧಮನಿಗಳೂ ಇಲ್ಲೇ ಒಳಗೆ ಹೋಗಬೇಕು. ಆ ನೆಲದ ನಟ್ಟನಡುವೆ, ಎರಡು ಕಣ್ಣುಗಳ ಹಿಂದೆ, ಸ್ಫೀನಾಯ್ಡ್ ಅನ್ನುವ ಮೂಳೆಯಲ್ಲಿ ಒಂದು ಪುಟ್ಟ ತಗ್ಗಿದೆ. ಹಳೆಯ ಅಂಗರಚನಾ ಶಾಸ್ತ್ರಜ್ಞರಿಗೆ ಅದು ಕುದುರೆಯ ಬೆನ್ನಿನ ಜೀನಿನ ಹಾಗೆ ಕಂಡಿತಂತೆ, ಅದಕ್ಕೆ ಟರ್ಕಿ ಜೀನು ಅಂತ ಹೆಸರಿಟ್ಟರು. ಆ ಜೀನಿನ ಮೇಲೆ ಕಡಲೆಕಾಳಿನಷ್ಟು ಗಾತ್ರದ ಸವಾರ ಕೂತಿದ್ದಾನೆ. ಅವನೇ ಪಿಟ್ಯುಟರಿ ಗ್ರಂಥಿ. ಅವನ ನೆತ್ತಿಯ ಮೇಲೆ ಕಣ್ಣಿನ ನರಗಳು ಒಂದನ್ನೊಂದು ದಾಟುತ್ತವೆ. ಎಡಬಲದಲ್ಲಿ ಕೆರೋಟಿಡ್ ಧಮನಿಗಳು ಮಿಡಿಯುತ್ತಿರುತ್ತವೆ. ಜೀನಿನ ಕೆಳಗೆ? ಕೆಳಗೆ ಗಾಳಿ ತುಂಬಿದ ಒಂದು ಖಾಲಿ ಕೋಣೆ, ಸ್ಫೀನಾಯ್ಡ್ ಸೈನಸ್. ಆ ಕೋಣೆಯ ಬಾಗಿಲು ತೆರೆಯುವುದು ಮೂಗಿನೊಳಕ್ಕೆ.

ಅಂದರೆ ಮೇಲಿನಿಂದ ಬಂದರೆ ಮಿದುಳು, ಕಣ್ಣಿನ ನರ, ಧಮನಿ ಎಲ್ಲವನ್ನೂ ಸರಿಸಿ ಬರಬೇಕು. ಕೆಳಗಿನಿಂದ ಬಂದರೆ ಖಾಲಿ ಕೋಣೆ, ಆಮೇಲೆ ಮೊಟ್ಟೆಯ ಚಿಪ್ಪಿನಂಥ ಒಂದು ತೆಳು ಮೂಳೆ, ಅಷ್ಟೆ. ನಕ್ಷೆ ನೋಡಿದರೆ ಮಗುವೂ ಹೇಳಬಹುದು ಯಾವ ದಾರಿ ಹತ್ತಿರ ಅಂತ. ಆದರೆ ನಕ್ಷೆಯೇ ದಾರಿಯಲ್ಲವಲ್ಲ.

ಮೂಗಿನಿಂದ ಮಿದುಳಿಗೆ ದಾರಿ ಇದೆ ಅನ್ನೋದು ಬಹಳ ಹಳೆಯ ತಿಳಿವಳಿಕೆ. ಈಜಿಪ್ಟಿನವರು ಹೆಣವನ್ನು ಮಮ್ಮಿ ಮಾಡುವಾಗ ಮೂಗಿನ ಹೊಳ್ಳೆಯೊಳಗೆ ಕಬ್ಬಿಣದ ಕೊಕ್ಕೆ ಹಾಕಿ ಮಿದುಳನ್ನು ಎಳೆದು ತೆಗೆಯುತ್ತಿದ್ದರು ಅಂತ ಗ್ರೀಕರ ಹೆರೊಡೊಟಸ್ ಬರೆದಿಟ್ಟಿದ್ದಾನೆ. ರೋಮಿನ ಕಾಲದ ಮಹಾವೈದ್ಯ ಗೇಲನ್ ಇನ್ನೂ ಮುಂದೆ ಹೋಗಿ, ಮಿದುಳಿನ ಕೊಳೆಯೆಲ್ಲ ಈ ಗ್ರಂಥಿಯ ಮೂಲಕ ಸೋಸಿ ಮೂಗಿಗೆ ಇಳಿದು ಸಿಂಬಳವಾಗುತ್ತದೆ ಅಂದ. ಪಿಟ್ಯುಟರಿ ಅನ್ನುವ ಹೆಸರು ಬಂದಿರುವುದೇ ಲ್ಯಾಟಿನ್ನಿನಲ್ಲಿ ಲೋಳೆಗೆ ಇರುವ ಪದದಿಂದ. ನೆಗಡಿ ಬಂದರೆ ಮಿದುಳು ಸೋರುತ್ತಿದೆ ಅಂತ ಅರ್ಥ! ಇದನ್ನು ಸಾವಿರದ ನಾನ್ನೂರಕ್ಕೂ ಹೆಚ್ಚು ವರ್ಷ ಜನ ನಂಬಿದ್ದರು. ಸಿಂಬಳ ಹುಟ್ಟುವುದು ಮೂಗಿನ ಒಳಪದರದಲ್ಲೇ, ಮಿದುಳಿಗೂ ಅದಕ್ಕೂ ಸಂಬಂಧವಿಲ್ಲ ಅಂತ 17ನೇ ಶತಮಾನದಲ್ಲಿ ಜರ್ಮನಿಯ ಶ್ನೈಡರ್, ಇಂಗ್ಲೆಂಡಿನ ಲೋವರ್ ತೋರಿಸಿಕೊಟ್ಟ ಮೇಲೆ ಗೇಲನ್ ಸೋತ. ಆದರೆ ಮಿದುಳಿನ ನೀರು ನಿಜಕ್ಕೂ ಮೂಗಿನಿಂದ ತೊಟ್ಟಿಕ್ಕುವ ಕಾಲ ಬರಲಿಕ್ಕಿತ್ತು. ಅದನ್ನು ಆಮೇಲೆ ನೋಡೋಣ.

ಈ ಕಡಲೆಕಾಳಿನಲ್ಲಿ ಗಡ್ಡೆ ಬೆಳೆದರೆ ಏನಾಗುತ್ತದೆ? ಹೆಚ್ಚಿನವು ಕ್ಯಾನ್ಸರ್ ಅಲ್ಲ. ನಿಧಾನವಾಗಿ, ಸದ್ದಿಲ್ಲದೆ ಬೆಳೆಯುವಂಥವು. ಮೇಲಕ್ಕೆ ಉಬ್ಬಿದರೆ ಕಣ್ಣಿನ ನರಗಳು ದಾಟುವ ಕೂಡುರಸ್ತೆಯನ್ನೇ ಒತ್ತುತ್ತವೆ. ಆಗ ಎರಡೂ ಕಡೆಯ ಪಕ್ಕದ ನೋಟ ಹೋಗುತ್ತದೆ. ಗಾಡಿ ಕುದುರೆಗೆ ಕಣ್ಣುಪಟ್ಟಿ ಕಟ್ಟಿದ ಹಾಗೆ, ಎದುರಿನದು ಕಾಣುತ್ತದೆ, ಎಡಬಲ ಕಾಣುವುದಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುವುದು, ರಸ್ತೆ ದಾಟುವಾಗ ಪಕ್ಕದಿಂದ ಬಂದ ಬೈಕು ಗೊತ್ತಾಗದೇ ಇರುವುದು. ಹಾಗೇ ಬಿಟ್ಟರೆ ಪೂರ್ತಿ ಕುರುಡು. ಇನ್ನು ಕೆಲವು ಗಡ್ಡೆಗಳು ಬೆಳವಣಿಗೆಯ ಹಾರ್ಮೋನನ್ನು ಧಾರಾಳವಾಗಿ ಸುರಿಸುತ್ತವೆ. ಚಿಕ್ಕ ವಯಸ್ಸಿನಲ್ಲಾದರೆ ಮನುಷ್ಯ ದೈತ್ಯನಾಗುತ್ತಾನೆ. ದೊಡ್ಡವರಿಗಾದರೆ ಎತ್ತರ ಬೆಳೆಯಲು ಜಾಗವಿಲ್ಲ, ಕೈಕಾಲು ಅಗಲವಾಗುತ್ತವೆ, ದವಡೆ ಮುಂದೆ ಬರುತ್ತದೆ, ನಾಲಿಗೆ ದಪ್ಪವಾಗುತ್ತದೆ. 1886ರಲ್ಲಿ ಪ್ಯಾರಿಸ್ಸಿನ ಪಿಯರ್ ಮರಿ ಇದಕ್ಕೆ ಅಕ್ರೋಮೆಗಲಿ ಅಂತ ಹೆಸರಿಟ್ಟ.

ನನ್ನ ಬಳಿಗೆ ಇಂಥವರು ಬರುವುದು ಗೊರಕೆಯ ದೂರು ಹೊತ್ತುಕೊಂಡು. ಹಿಂದೊಮ್ಮೆ ಒಬ್ಬರು ಬಂದಿದ್ದರು. ದನಿ ಗಡುಸಾಗಿದೆ, ರಾತ್ರಿ ಮನೆಯವರಿಗೆ ನಿದ್ದೆಯಿಲ್ಲ ಅಂತ. ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ಮಾತಿನ ನಡುವೆ, "ಚಪ್ಪಲಿನೂ ಎರಡು ನಂಬರ್ ಜಾಸ್ತಿ ಆಯ್ತು ಸಾರ್, ಉಂಗುರ ಅಕ್ಕಸಾಲಿ ಹತ್ರ ಕತ್ತರಿಸಿ ತೆಗೆಸಿದ್ವಿ" ಅಂದರು. ನಲವತ್ತೈದು ವರ್ಷದ ಗಂಡಸಿಗೆ ಪಾದ ಬೆಳೆಯಬಾರದು. ಮದುವೆ ಫೋಟೋ ತರಿಸಿ ಪಕ್ಕದಲ್ಲಿಟ್ಟು ನೋಡಿದರೆ ಅಣ್ಣತಮ್ಮಂದಿರಂತೆ ಕಾಣುತ್ತಿದ್ದರು, ಒಬ್ಬನೇ ಮನುಷ್ಯನಂತಲ್ಲ. ಸ್ಕ್ಯಾನಿನಲ್ಲಿ ಗಡ್ಡೆ ಇತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ: "ತಲೆ ಕೊಯ್ತಾರಾ?" ಇಲ್ಲ, ಮೂಗಿನಿಂದ ತೆಗೆಯುತ್ತಾರೆ ಅಂದರೆ ನಂಬಲಿಲ್ಲ. ನಾನು ಸಮಾಧಾನಕ್ಕೆ ಹೇಳುತ್ತಿದ್ದೇನೆ ಅಂದುಕೊಂಡರು.

ನೂರ ಮೂವತ್ತು ವರ್ಷದ ಹಿಂದೆ ಇದೇ ಪ್ರಶ್ನೆ ಕೇಳಿದ್ದರೆ ಉತ್ತರ ಹೌದು ಅಂತಲೇ. 1893ರಲ್ಲಿ ಲಿವರ್‌ಪೂಲಿನಲ್ಲಿ ಕೇಟನ್ ಮತ್ತು ಪಾಲ್ ಎಂಬ ವೈದ್ಯರು ಅಕ್ರೋಮೆಗಲಿ ಇದ್ದ ಒಬ್ಬ ಹೆಂಗಸಿನ ತಲೆಬುರುಡೆಯ ಪಕ್ಕವನ್ನು ತೆರೆದರು. ಒತ್ತಡ ಇಳಿಯಿತು, ತಲೆನೋವು ಕಡಿಮೆಯಾಯಿತು, ಗಡ್ಡೆಯನ್ನು ಮಾತ್ರ ಮುಟ್ಟಲಾಗಲಿಲ್ಲ. ಕೆಲವೇ ತಿಂಗಳಲ್ಲಿ ಆಕೆ ತೀರಿಕೊಂಡಳು. ಲಂಡನ್ನಿನ ವಿಕ್ಟರ್ ಹಾರ್ಸ್ಲಿ ಮಹಾ ಧೈರ್ಯಸ್ಥ. ಆತ 1906ರಲ್ಲಿ ಹತ್ತು ಪಿಟ್ಯುಟರಿ ಶಸ್ತ್ರಚಿಕಿತ್ಸೆಗಳ ವರದಿ ಕೊಟ್ಟ, ಇಬ್ಬರು ಸತ್ತಿದ್ದರು. ಆ ಕಾಲಕ್ಕೆ ಇದು ಹೆಮ್ಮೆಯ ಲೆಕ್ಕ.

ಮೂಗಿನ ದಾರಿಯನ್ನು ಜೀವಂತ ಮನುಷ್ಯನಲ್ಲಿ ಮೊದಲು ಹಿಡಿದವನು ಆಸ್ಟ್ರಿಯದ ಇನ್ಸ್‌ಬ್ರುಕ್ಕಿನ ಹರ್ಮನ್ ಶ್ಲೋಫರ್. 1907ರ ಮಾರ್ಚ್ 16. ಅಷ್ಟರಲ್ಲಿ ಎಕ್ಸ್-ರೇ ಬಂದು ಹನ್ನೊಂದು ವರ್ಷವಾಗಿತ್ತು. ಗಡ್ಡೆ ಕಾಣದಿದ್ದರೂ ಜೀನು ಅಗಲವಾಗಿರುವುದು ಕಾಣುತ್ತಿತ್ತು. ಶ್ಲೋಫರ್ ಮಾಡಿದ್ದನ್ನು ಓದಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಮೂಗಿನ ಪಕ್ಕ ಕೊಯ್ದು, ಇಡೀ ಮೂಗನ್ನು ಪುಸ್ತಕದ ಪುಟ ಮಗುಚಿದ ಹಾಗೆ ಬಲಗಡೆಗೆ ಮಗುಚಿ, ಒಳಗಿನ ಮೂಳೆಗಳನ್ನೆಲ್ಲ ತೆಗೆದು, ಹಿಂದಿನ ಕೋಣೆ ತಲುಪಿ, ಗಡ್ಡೆಯನ್ನು ಚೂರುಚೂರಾಗಿ ಕೆರೆದು ತೆಗೆದ. ರೋಗಿ ಬದುಕಿಕೊಂಡ. ಎರಡೂವರೆ ತಿಂಗಳ ನಂತರ ಸತ್ತ. ಹೆಣ ಕೊಯ್ದು ನೋಡಿದರೆ ಗಡ್ಡೆಯ ದೊಡ್ಡ ಪಾಲು ಮೇಲೆ ಹಾಗೇ ಉಳಿದಿತ್ತು. ದಾರಿ ಸರಿಯಿತ್ತು. ಆದರೆ ಬೆಳಕಿಲ್ಲ, ಎಲ್ಲಿಯವರೆಗೆ ಗಡ್ಡೆ, ಎಲ್ಲಿಂದ ಮಿದುಳು ಅಂತ ತಿಳಿಯುವ ಬಗೆಯಿಲ್ಲ.

ಈಗ ನಮ್ಮವನ ಸರದಿ. ಆಸ್ಕರ್ ಹಿರ್ಶ್, ವಿಯೆನ್ನಾದಲ್ಲಿ ಮಾರ್ಕಸ್ ಹಾಯೆಕ್ ಎಂಬ ಪ್ರಸಿದ್ಧ ಮೂಗಿನ ವೈದ್ಯನ ಕೈಕೆಳಗೆ ಪಳಗಿದವನು. (ಈ ಹಾಯೆಕ್ 1923ರಲ್ಲಿ ಸಿಗ್ಮಂಡ್ ಫ್ರಾಯ್ಡ್‌ನ ಬಾಯಿಯ ಕ್ಯಾನ್ಸರಿಗೆ ಮೊದಲ ಶಸ್ತ್ರಚಿಕಿತ್ಸೆ ಮಾಡಿ, ರಕ್ತಸ್ರಾವವಾಗಿ ಕೆಟ್ಟ ಹೆಸರು ತಗೊಂಡ, ಅದು ಬೇರೆ ಕತೆ.) ಆಗ ವಿಯೆನ್ನಾದ ದೊಡ್ಡ ಸರ್ಜನ್‌ಗಳೆಲ್ಲ ಶ್ಲೋಫರ್‌ನಂತೆ ಮುಖ ಕೊಯ್ದು ಮೂಗು ಮಗುಚುತ್ತಿದ್ದರು. ಹಿರ್ಶ್ ಒಂದು ಸರಳ ಪ್ರಶ್ನೆ ಕೇಳಿದ: ಹೊಳ್ಳೆ ಇರುವಾಗ ಗೋಡೆ ಯಾಕೆ ಒಡೆಯಬೇಕು? ಮೂಗಿನ ನಡುಗೋಡೆ ಡೊಂಕಾದವರಿಗೆ ಒಳಪದರ ಬಿಡಿಸಿ ಮೂಳೆ ತೆಗೆಯುವ ಕೆಲಸ ಮೂಗಿನ ವೈದ್ಯರಿಗೆ ದಿನನಿತ್ಯದ ಕಸುಬು. ಸೈನಸ್ಸಿನ ಕೀವು ತೆಗೆಯುವುದೂ ಹಾಗೇ. ಅದೇ ಕೈಚಳಕವನ್ನು ಒಂದು ಕೋಣೆ ಹಿಂದಕ್ಕೆ ಒಯ್ದರೆ ಆಯ್ತಲ್ಲ?

1910ರ ಮಾರ್ಚ್‌ನಲ್ಲಿ ಹಿರ್ಶ್ ಇದನ್ನು ಒಬ್ಬ ಹೆಂಗಸಿನ ಮೇಲೆ ಮಾಡಿದ. ಒಂದೇ ಸಲಕ್ಕಲ್ಲ, ಕೆಲವು ವಾರಗಳಲ್ಲಿ ಹಂತಹಂತವಾಗಿ. ಆಕೆ ಎಚ್ಚರವಾಗೇ ಇದ್ದಳು ಅನ್ನೋದನ್ನು ಗಮನಿಸಿ. ಮೂಗಿನೊಳಕ್ಕೆ ಕೊಕೇನ್ ಹಚ್ಚಿ ಮರಗಟ್ಟಿಸಿದ್ದಷ್ಟೆ. ಕೊಕೇನನ್ನು ಹೀಗೆ ಬಳಸಬಹುದು ಅಂತ 1884ರಲ್ಲಿ ಕಾರ್ಲ್ ಕೊಲ್ಲರ್ ಕಂಡುಹಿಡಿದದ್ದೂ ಅದೇ ವಿಯೆನ್ನಾದಲ್ಲಿ. ಆಕೆಯ ನೋಟ ಸುಧಾರಿಸಿತು. ಮುಖದ ಮೇಲೆ ಒಂದು ಗೀರೂ ಇಲ್ಲ. ಅದೇ ವರ್ಷ ಜೂನ್‌ನಲ್ಲಿ ಹಿರ್ಶ್ ಇನ್ನೂ ಸುಧಾರಿಸಿ, ನಡುಗೋಡೆಯ ಎರಡು ಪದರಗಳ ನಡುವೆಯೇ ಸುರಂಗ ಮಾಡಿಕೊಂಡು ಒಂದೇ ಕೂರಿನಲ್ಲಿ ಕೆಲಸ ಮುಗಿಸಿದ. ಜಗತ್ತಿನ ಲಕ್ಷಾಂತರ ಜನ ಆಮೇಲೆ ಇದೇ ಸುರಂಗದಲ್ಲಿ ಗಡ್ಡೆ ತೆಗೆಸಿಕೊಂಡಿದ್ದಾರೆ. ಅವರಲ್ಲಿ ಹಿರ್ಶ್ ಹೆಸರು ಕೇಳಿದವರು ಎಷ್ಟು ಮಂದಿ ಅಂತ ನನ್ನನ್ನು ಕೇಳಬೇಡಿ.

ಯಾಕೆಂದರೆ ಹೆಸರು ಹೋದದ್ದು ಅಟ್ಲಾಂಟಿಕ್ ಆಚೆಗೆ. ಅಮೆರಿಕದ ಹಾರ್ವಿ ಕುಶಿಂಗ್. ಆಧುನಿಕ ಮಿದುಳಿನ ಶಸ್ತ್ರಚಿಕಿತ್ಸೆಯ ಪಿತಾಮಹ ಅಂತ ಕರೆದರೆ ಯಾರೂ ಜಗಳಕ್ಕೆ ಬರೋದಿಲ್ಲ. ಕೋಪಿಷ್ಠ, ಹಟಮಾರಿ, ರಾತ್ರಿಯೆಲ್ಲ ಕೂತು ತನ್ನ ಶಸ್ತ್ರಚಿಕಿತ್ಸೆಗಳ ಚಿತ್ರ ತಾನೇ ಬಿಡಿಸುವವನು, ಸೋತದ್ದನ್ನೂ ಅಷ್ಟೇ ಶ್ರದ್ಧೆಯಿಂದ ಬರೆದಿಡುವವನು. 1909ರಲ್ಲಿ ದಕ್ಷಿಣ ಡಕೋಟದಿಂದ ಬಂದ ಅಕ್ರೋಮೆಗಲಿಯ ಒಬ್ಬ ರೈತನಿಗೆ ಕುಶಿಂಗ್ ಕೆಳಗಿನ ದಾರಿಯಿಂದ ಗ್ರಂಥಿಯ ಒಂದು ಭಾಗ ತೆಗೆದ. ರೈತ ಚೇತರಿಸಿಕೊಂಡ, ಇಪ್ಪತ್ತು ವರ್ಷ ಬದುಕಿದ. ಗ್ರಂಥಿಯನ್ನು ಸ್ವಲ್ಪ ತೆಗೆದರೆ ರೋಗ ತಗ್ಗುತ್ತದೆ ಅಂದಮೇಲೆ ಅಕ್ರೋಮೆಗಲಿ ಬರುವುದು ಗ್ರಂಥಿ ಅತಿಯಾಗಿ ಕೆಲಸ ಮಾಡುವುದರಿಂದ, ಸೊರಗುವುದರಿಂದಲ್ಲ ಅಂತ ಗೊತ್ತಾಯಿತು. ಒಂದು ಚಾಕು ಸಿದ್ಧಾಂತದ ಜಗಳವನ್ನು ತೀರ್ಮಾನಿಸಿದ ಅಪರೂಪದ ಉದಾಹರಣೆ ಇದು.

ಆಮೇಲೆ ಕುಶಿಂಗ್ ಹಿರ್ಶ್‌ನ ಸುರಂಗವನ್ನೂ, ಷಿಕಾಗೋದ ಹಾಲ್‌ಸ್ಟೆಡ್ ಹೇಳಿಕೊಟ್ಟಿದ್ದ ಮೇಲ್ದುಟಿಯ ಒಳಗಿನ ಕೊಯ್ತವನ್ನೂ ಸೇರಿಸಿ ತನ್ನದೇ ಒಂದು ಕ್ರಮ ಮಾಡಿಕೊಂಡ. ತುಟಿ ಎತ್ತಿ, ವಸಡಿನ ಮೇಲೆ ಕೊಯ್ದು, ಮೂಗಿನ ನಡುಗೋಡೆಯ ಪದರಗಳ ನಡುವೆ ಒಳಗೆ ಹೋಗುವುದು. ಹಣೆಯ ಮೇಲೆ ಒಂದು ದೀಪ, ಅಷ್ಟೇ ಬೆಳಕು. 1910ರಿಂದ 1925ರವರೆಗೆ 231 ಮಂದಿಗೆ ಹೀಗೆ ಮಾಡಿದ. ಸತ್ತವರು ಶೇಕಡ 5.6. ಪೆನಿಸಿಲಿನ್ ಇಲ್ಲ, ಕಾರ್ಟಿಸೋನ್ ಇಲ್ಲ, ಸ್ಕ್ಯಾನ್ ಇಲ್ಲ. ಯೋಚನೆ ಮಾಡಿ, ಕೊಳೆಯ ಮನೆಯಾದ ಮೂಗಿನಿಂದ ಮಿದುಳಿನ ಹೊಸ್ತಿಲಿಗೆ ಹೋಗಿಬಂದು ಇಷ್ಟು ಜನರನ್ನು ಉಳಿಸಿದ್ದು.

ಇಷ್ಟಾದ ಮೇಲೂ ಬಿಟ್ಟ. 1920ರ ದಶಕ ಮುಗಿಯುವ ಹೊತ್ತಿಗೆ ಕುಶಿಂಗ್ ಹೆಚ್ಚುಕಡಿಮೆ ಎಲ್ಲರಿಗೂ ಹಣೆಯ ಹತ್ತಿರ ಬುರುಡೆ ತೆರೆದೇ ಮಾಡುತ್ತಿದ್ದ. ನಮ್ಮವರು ಕೆಲವರು ಇದನ್ನು ಕುಶಿಂಗ್‌ನ ಅಹಂಕಾರ ಅನ್ನುತ್ತಾರೆ, ಮೂಗಿನ ವೈದ್ಯರ ದಾರಿ ಬೇಡವಾಯಿತು ಅಂತ. ನನಗೆ ಹಾಗನ್ನಿಸುವುದಿಲ್ಲ. ಅವನ ಜಾಗದಲ್ಲಿ ನಿಂತು ನೋಡಿ. ಎಕ್ಸ್-ರೇಯಲ್ಲಿ ಜೀನು ಅಗಲವಾಗಿದೆ ಅಂತ ಗೊತ್ತಾಗುತ್ತಿತ್ತೇ ಹೊರತು, ಗಡ್ಡೆ ಮೇಲೆ ಎಷ್ಟು ಬೆಳೆದಿದೆ, ಅದು ಪಿಟ್ಯುಟರಿಯದ್ದೋ ಮಿದುಳು ಹೊದಿಕೆಯದ್ದೋ ಅನ್ನೋದು ಗೊತ್ತಾಗುತ್ತಿರಲಿಲ್ಲ. ಕೆಳಗಿನಿಂದ ಹೋದವನಿಗೆ ಕಾಣುವುದು ಬಾವಿಯ ತಳದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ. ಮೇಲಿನಿಂದ ಹೋದರೆ ಒತ್ತಿಹೋದ ಕಣ್ಣಿನ ನರ ಎದುರಿಗೇ ಕಾಣುತ್ತದೆ, ಅದನ್ನು ಬಿಡಿಸಿದರೆ ನೋಟ ವಾಪಸು ಬರುವ ಭರವಸೆ ಹೆಚ್ಚು. ಅಷ್ಟರಲ್ಲಿ ಬುರುಡೆ ತೆರೆಯುವುದರಲ್ಲಿ ಅವನ ಕೈ ಎಷ್ಟು ಪಳಗಿತ್ತೆಂದರೆ ಅಲ್ಲೂ ಸಾವು ಕಡಿಮೆಯಾಗಿತ್ತು. 1926ರಲ್ಲಿ ಬೋವಿ ಎಂಬ ಭೌತವಿಜ್ಞಾನಿಯ ಜೊತೆ ಸೇರಿ ವಿದ್ಯುತ್ತಿನಿಂದ ರಕ್ತ ನಿಲ್ಲಿಸುವ ಸಾಧನವನ್ನು ಆಪರೇಷನ್ ಕೋಣೆಗೆ ತಂದ ಮೇಲಂತೂ ಇನ್ನೂ ಸುಲಭವಾಯಿತು. ಕಾಣದ ದಾರಿಗಿಂತ ಕಾಣುವ ದಾರಿ ಲೇಸು ಅಂತ ಆರಿಸಿಕೊಂಡ. ಸರಿಯೇ.

ತೊಂದರೆಯಾದದ್ದು ಅವನ ಶಿಷ್ಯರಿಂದ. ಗುರು ಬಿಟ್ಟದ್ದನ್ನು ಯಾಕೆ ಬಿಟ್ಟ ಅಂತ ಕೇಳದೆ ಎಲ್ಲರೂ ಬಿಟ್ಟರು. ಅಮೆರಿಕ, ಯುರೋಪಿನ ಮಿದುಳು ಸರ್ಜನ್‌ಗಳ ಒಂದಿಡೀ ತಲೆಮಾರು ಮೂಗಿನ ದಾರಿಯನ್ನು ಕಲಿಯದೇ ಬೆಳೆಯಿತು. ಶಸ್ತ್ರಚಿಕಿತ್ಸೆ ಅನ್ನೋದು ಕಮ್ಮಾರಿಕೆಯ ಹಾಗೆ, ಅಡುಗೆಯ ಹಾಗೆ. ಪುಸ್ತಕದಲ್ಲಿ ಬರೆದಿಟ್ಟರೂ ಕೈಯಿಂದ ಕೈಗೆ ದಾಟದಿದ್ದರೆ ಸಾಯುತ್ತದೆ. ಪುಸ್ತಕ ಇತ್ತು, ಕೈ ಇರಲಿಲ್ಲ.

ಒಂದು ಕೈ ಮಾತ್ರ ಉಳಿದಿತ್ತು, ಎಡಿನ್‌ಬರೋದಲ್ಲಿ. ನಾರ್ಮನ್ ಡಾಟ್. ನನಗೆ ಈ ಚರಿತ್ರೆಯಲ್ಲೆಲ್ಲ ಅತಿ ಇಷ್ಟದ ಮನುಷ್ಯ. ಡಾಕ್ಟರಾಗಬೇಕು ಅಂತ ಹೊರಟವನೇ ಅಲ್ಲ, ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. 1913ರಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ಕಾಲು ಮುರಿದು ಆಸ್ಪತ್ರೆ ಸೇರಿದ. ಅಲ್ಲಿ ಮಲಗಿ ಡಾಕ್ಟರುಗಳ ಕೆಲಸ ನೋಡುತ್ತ ನೋಡುತ್ತ ಮನಸ್ಸು ಬದಲಾಯಿಸಿದ. ಕುಂಟು ಜೀವನವಿಡೀ ಉಳಿಯಿತು. 1923ರಲ್ಲಿ ರಾಕ್‌ಫೆಲರ್ ವಿದ್ಯಾರ್ಥಿವೇತನದ ಮೇಲೆ ಬೋಸ್ಟನ್ನಿಗೆ ಹೋಗಿ ಕುಶಿಂಗ್ ಹತ್ತಿರ ಕಲಿತ. ಆಗಿನ್ನೂ ಕುಶಿಂಗ್ ಮೂಗಿನ ದಾರಿ ಬಿಟ್ಟಿರಲಿಲ್ಲ. ಡಾಟ್ ಅದನ್ನು ಕಲಿತು ಊರಿಗೆ ಮರಳಿದ. ಅಲ್ಲಿ ಗುರು ಬಿಟ್ಟ, ಇಲ್ಲಿ ಶಿಷ್ಯ ಹಿಡಿದುಕೊಂಡೇ ಇದ್ದ. ಕಾರ್ಖಾನೆಯ ಹುಡುಗನ ಬುದ್ಧಿ ಎಲ್ಲಿ ಹೋಗುತ್ತದೆ? ಬೆಳಕೇ ಸಮಸ್ಯೆಯಾದರೆ ಬೆಳಕನ್ನೇ ಒಳಗೆ ಕಳಿಸೋಣ ಅಂತ, ಮೂಗನ್ನು ಅಗಲಿಸಿ ಹಿಡಿಯುವ ಸಾಧನದ ತುದಿಗೇ ಸಣ್ಣ ದೀಪಗಳನ್ನು ಕೂರಿಸಿಕೊಂಡ. ಮುಂದೆ ಆತ ಸತತವಾಗಿ 80 ಜನರಿಗೆ ಈ ಶಸ್ತ್ರಚಿಕಿತ್ಸೆ ಮಾಡಿದ, ಒಬ್ಬರೂ ಸಾಯಲಿಲ್ಲ. ಹಾಗಂತ ಡಂಗುರ ಹೊಡೆಯಲೂ ಇಲ್ಲ.

ಇತ್ತ ವಿಯೆನ್ನಾದಲ್ಲಿ ಹಿರ್ಶ್ ಕೂಡ ತನ್ನ ಪಾಡಿಗೆ ತಾನು ಮೂಗಿನಿಂದಲೇ ಗಡ್ಡೆ ತೆಗೆಯುತ್ತ, ಲೆಕ್ಕ ಬರೆಯುತ್ತ ಇದ್ದ. 1938ರಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಕ್ಕೆ ನುಗ್ಗಿತು. ಹಿರ್ಶ್ ಯಹೂದಿ. ಅರವತ್ತು ದಾಟಿದ ವಯಸ್ಸಿನಲ್ಲಿ ಎಲ್ಲ ಬಿಟ್ಟು ಅಮೆರಿಕಕ್ಕೆ ಹೋದ, ಬೋಸ್ಟನ್ ಸೇರಿದ. ಮೂಗಿನ ದಾರಿಯನ್ನು ಕುಶಿಂಗ್ ಮೆರೆಸಿ, ಆಮೇಲೆ ಮುಚ್ಚಿದ ಅದೇ ಊರು. ಕುಶಿಂಗ್ ಅಷ್ಟರಲ್ಲಿ ಬೋಸ್ಟನ್ ಬಿಟ್ಟು ಯೇಲ್ ವಿಶ್ವವಿದ್ಯಾಲಯಕ್ಕೆ ಹೋಗಿದ್ದ, ಮರುವರ್ಷ ತೀರಿಕೊಂಡ. ಹಿರ್ಶ್ ಅಲ್ಲಿ ಹ್ಯಾಮ್ಲಿನ್ ಎಂಬ ಮಿದುಳು ಸರ್ಜನ್ ಜೊತೆ ಸೇರಿ ಕೆಲಸ ಮುಂದುವರಿಸಿದ. ಒಬ್ಬ ಮೂಗಿನವನು, ಒಬ್ಬ ಮಿದುಳಿನವನು, ಒಂದೇ ಮೇಜಿನ ಪಕ್ಕ. ಈ ಜೋಡಿಯನ್ನು ನೆನಪಿಟ್ಟುಕೊಳ್ಳಿ. ಹಿರ್ಶ್ ತೀರಿಕೊಂಡದ್ದು 1965ರಲ್ಲಿ.

ದಾರಿ ಮತ್ತೆ ತೆರೆದದ್ದು ಒಂದು ಪ್ರವಾಸದಿಂದ. 1956ರಲ್ಲಿ ಫ್ರಾನ್ಸಿನ ಜೆರಾರ್ ಗಿಯೊ ಎಡಿನ್‌ಬರೋಗೆ ಬಂದು ಡಾಟ್ ಶಸ್ತ್ರಚಿಕಿತ್ಸೆ ಮಾಡುವುದನ್ನು ನೋಡಿದ. ನೋಡಿ ದಂಗಾಗಿ, ಪ್ಯಾರಿಸ್ ಪಕ್ಕದ ಫೋಶ್ ಆಸ್ಪತ್ರೆಗೆ ಮರಳಿ ತಾನೂ ಶುರು ಮಾಡಿದ. ಅವನು ಸೇರಿಸಿದ್ದು ಎಕ್ಸ್-ರೇ ಪರದೆ. ಆಪರೇಷನ್ ನಡೆಯುತ್ತಿರುವಾಗಲೇ ಸಾಧನದ ತುದಿ ಎಲ್ಲಿದೆ ಅಂತ ಟೀವಿಯಲ್ಲಿ ನೋಡಬಹುದು. ಸಾವಿರಕ್ಕೂ ಹೆಚ್ಚು ಜನರಿಗೆ ಮಾಡಿದ. ಕೆನಡಾದಿಂದ ಅವನ ಹತ್ತಿರ ಕಲಿಯಲು ಬಂದವನು ಜ್ಯೂಲ್ಸ್ ಹಾರ್ಡಿ. ಹಾರ್ಡಿ ಮಾಂಟ್ರಿಯಲ್‌ಗೆ ಮರಳಿ ಈ ಸುರಂಗದ ಬಾಯಿಗೆ ಮೈಕ್ರೋಸ್ಕೋಪ್ ತಂದು ನಿಲ್ಲಿಸಿದ. ಕುಶಿಂಗ್, ಕುಶಿಂಗ್‌ನಿಂದ ಡಾಟ್, ಡಾಟ್‌ನಿಂದ ಗಿಯೊ, ಗಿಯೊನಿಂದ ಹಾರ್ಡಿ. ಸಂಗೀತದ ಘರಾಣೆಯ ಹಾಗೆ ಒಂದೊಂದೇ ಎಳೆ. ಆ ಮೋಟಾರ್ ಸೈಕಲ್ ಅಪಘಾತ ಆಗದಿದ್ದರೆ ಅಂತ ನಾನು ಸುಮ್ಮನೆ ಕೂತಾಗ ಯೋಚಿಸುವುದುಂಟು.

ಹಾರ್ಡಿಯ ಕೆಲಸದ ಬಗ್ಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. ಆ ಕಾಲದಲ್ಲಿ ಮೈಯೆಲ್ಲ ಹರಡಿದ ಸ್ತನ ಕ್ಯಾನ್ಸರಿನವರಿಗೆ ಹಾರ್ಮೋನು ನಿಲ್ಲಿಸಲೆಂದು ಆರೋಗ್ಯವಾಗಿದ್ದ ಪಿಟ್ಯುಟರಿಯನ್ನೇ ತೆಗೆಯುವ ಪದ್ಧತಿ ಇತ್ತು. ಹಾರ್ಡಿ ಅಂಥ ಹಲವು ಶಸ್ತ್ರಚಿಕಿತ್ಸೆಗಳನ್ನು ಮಾಡಿದ. ಹೀಗಾಗಿ ಮೈಕ್ರೋಸ್ಕೋಪಿನ ಕೆಳಗೆ ಆರೋಗ್ಯದ ಗ್ರಂಥಿ ಹೇಗಿರುತ್ತದೆ, ಅದರ ಬಣ್ಣ ಏನು, ಎಷ್ಟು ಗಟ್ಟಿ ಅನ್ನೋದು ಅವನಿಗೆ ಕಂಠಪಾಠವಾಯಿತು. ಒಳ್ಳೆಯದು ಗೊತ್ತಿದ್ದವನಿಗೆ ಕೆಟ್ಟದ್ದು ತಟ್ಟನೆ ಕಾಣುತ್ತದೆ, ಅಕ್ಕಿಯಲ್ಲಿ ಕಲ್ಲು ಕಂಡ ಹಾಗೆ. ಕೆಲವೇ ಮಿಲಿಮೀಟರಿನ ಗಡ್ಡೆಯನ್ನು ಹೆಕ್ಕಿ, ಸುತ್ತಲಿನ ಗ್ರಂಥಿಯನ್ನು ಉಳಿಸಬಹುದು ಅಂತ ಅವನು 1960ರ ದಶಕದಲ್ಲಿ ತೋರಿಸಿದ. ಅಲ್ಲಿಯವರೆಗೆ ಉದ್ದೇಶ ಕಣ್ಣು ಉಳಿಸುವುದಾಗಿತ್ತು. ಇನ್ನು ಮೇಲೆ ರೋಗವನ್ನೇ ಗುಣ ಮಾಡಬಹುದು.

ಇದರಲ್ಲೊಂದು ತಮಾಷೆಯಿದೆ. 1932ರಲ್ಲಿ, ಮೂಗಿನ ದಾರಿ ಬಿಟ್ಟ ಮೇಲೆ, ಕುಶಿಂಗ್ ಒಂದು ಹೊಸ ಕಾಯಿಲೆಯನ್ನು ವಿವರಿಸಿದ. ಮುಖ ಚಂದ್ರನಂತೆ ಊದಿಕೊಂಡು, ಹೊಟ್ಟೆ ಬಂದು, ಕೈಕಾಲು ಸೊರಗಿ, ಚರ್ಮದ ಮೇಲೆ ನೇರಳೆ ಬರೆಗಳೇಳುವ ಕಾಯಿಲೆ. ಪಿಟ್ಯುಟರಿಯ ತೀರಾ ಸಣ್ಣ ಗಡ್ಡೆಗಳಿಂದ ಇದು ಬರುತ್ತದೆ ಅಂದ. ಇವತ್ತಿಗೂ ಅದಕ್ಕೆ ಕುಶಿಂಗ್ ಕಾಯಿಲೆ ಅಂತಲೇ ಹೆಸರು. ಅದಕ್ಕೆ ಇವತ್ತಿನ ಮೊದಲ ಚಿಕಿತ್ಸೆ? ಮೂಗಿನ ಮೂಲಕ ಆ ಸಣ್ಣ ಗಡ್ಡೆ ಹೆಕ್ಕುವುದು.

ಎಲ್ಲ ಗಡ್ಡೆಗೂ ಚಾಕು ಬೇಕಿಲ್ಲ ಅನ್ನೋದನ್ನೂ ಹೇಳಬೇಕು. ಪ್ರೋಲ್ಯಾಕ್ಟಿನ್ ಸುರಿಸುವ ಗಡ್ಡೆಗಳು 1970ರ ದಶಕದಿಂದ ಮಾತ್ರೆಗೇ ಕರಗುತ್ತಿವೆ. ಹಾಗೇ ಕಾರ್ಟಿಸೋನ್ ಬಂದದ್ದನ್ನು ಮರೆತರೆ ಚರಿತ್ರೆ ಅರ್ಧ. ಗ್ರಂಥಿ ತೆಗೆದ ಮೇಲೆ ಅದರ ಹಾರ್ಮೋನು ಇಲ್ಲದೆ ಕುಸಿಯುತ್ತಿದ್ದವರನ್ನು ಉಳಿಸಿದ್ದು ಅದು. ಸರ್ಜನ್‌ಗಳ ಚರಿತ್ರೆ ಬರೆಯುವವರು ಔಷಧಿಯವರಿಗೆ ಒಂದು ಸಾಲು ಕೊಟ್ಟು ಮುಗಿಸುತ್ತಾರೆ. ನಾನೂ ಮುಗಿಸಿದೆ.

ಮೈಕ್ರೋಸ್ಕೋಪಿಗೂ ಒಂದು ಮಿತಿ ಇತ್ತು. ಅದು ನೆಟ್ಟಗೆ ಮಾತ್ರ ನೋಡುತ್ತದೆ. ಕೀಲಿರಂಧ್ರಕ್ಕೆ ಕಣ್ಣಿಟ್ಟ ಹಾಗೆ, ಕೋಣೆಯ ಮೂಲೆಗಳು ಕಾಣುವುದಿಲ್ಲ. ಮೂಲೆ ನೋಡಬೇಕಾದರೆ ಕಣ್ಣನ್ನೇ ಒಳಗೆ ಕಳಿಸಬೇಕು. ಗಿಯೊ 1960ರ ದಶಕದ ಮೊದಲಲ್ಲೇ ಎಂಡೋಸ್ಕೋಪ್ ಹಾಕಿ ನೋಡಿದ್ದ, ಮಂಕು ಚಿತ್ರ ನೋಡಿ ಕೈಬಿಟ್ಟ. ಆ ಮಂಕನ್ನು ಹೋಗಲಾಡಿಸಿದವನು ಡಾಕ್ಟರಲ್ಲ, ಇಂಗ್ಲೆಂಡಿನ ಭೌತವಿಜ್ಞಾನಿ ಹೆರಾಲ್ಡ್ ಹಾಪ್ಕಿನ್ಸ್. ಹಳೆಯ ಕೊಳವೆಗಳಲ್ಲಿ ಸಣ್ಣ ಸಣ್ಣ ಮಸೂರಗಳು, ನಡುವೆ ಉದ್ದುದ್ದ ಗಾಳಿ. ಹಾಪ್ಕಿನ್ಸ್ ಅದನ್ನು ಉಲ್ಟಾ ಮಾಡಿದ: ಉದ್ದುದ್ದ ಗಾಜಿನ ಕಡ್ಡಿಗಳು, ನಡುವೆ ಸಣ್ಣ ಸಣ್ಣ ಗಾಳಿಯ ಜಾಗ. ಬೆಳಕು ಎಷ್ಟೋ ಪಾಲು ಹೆಚ್ಚು ದಾಟಿತು. ಜರ್ಮನಿಯ ಕಾರ್ಲ್ ಸ್ಟೋರ್ಜ್ ಅದನ್ನು ತಯಾರಿಸಿ ಮಾರಿದ. ಮೊದಲು ಸೈನಸ್ ಕೆಲಸಕ್ಕೆ ಅಂತ ಅದನ್ನು ಕೈಗೆತ್ತಿಕೊಂಡದ್ದು ನಾವು, ಮೂಗಿನವರು. 1992ರಲ್ಲಿ ಫ್ರಾನ್ಸಿನ ನಾನ್ಸಿಯಲ್ಲಿ ಜಾಂಕೋವ್‌ಸ್ಕಿ ಮತ್ತು ಸಂಗಡಿಗರು ಎಂಡೋಸ್ಕೋಪ್ ಒಂದರಿಂದಲೇ ಪಿಟ್ಯುಟರಿ ಗಡ್ಡೆ ತೆಗೆದ ವರದಿ ಬಂತು. 1997ರಲ್ಲಿ ಪಿಟ್ಸ್‌ಬರ್ಗಿನ ಜೋ ಮತ್ತು ಕರಾವು 50 ರೋಗಿಗಳ ಲೆಕ್ಕ ಕೊಟ್ಟರು. ಜೋ ಮಿದುಳಿನವರು, ಕರಾವು ಮೂಗಿನವರು. ಹಿರ್ಶ್-ಹ್ಯಾಮ್ಲಿನ್ ಜೋಡಿ ಮತ್ತೆ ಬಂತು ನೋಡಿ.

ಆಮೇಲೆ ಪಿಟ್ಸ್‌ಬರ್ಗಿನವರು ಜೀನಿನಿಂದ ಆಚೀಚೆಗೂ ಹೊರಟರು. ಮುಂದೆ ಹಣೆಯ ಕೆಳಗಿನ ನೆಲ, ಹಿಂದೆ ಕತ್ತಿನ ಮೊದಲ ಮೂಳೆಯವರೆಗೆ. ಬುರುಡೆಯ ತಳದ ನಡುಗೆರೆಯುದ್ದಕ್ಕೂ ಮೂಗಿನಿಂದಲೇ ಗಡ್ಡೆ ತೆಗೆಯಬಹುದು ಅನ್ನುವ ಹಟ. ಆಗ ಎದುರಾದದ್ದೇ ಗೇಲನ್‌ನ ಶಾಪ. ಮಿದುಳಿನ ಹೊದಿಕೆಯಲ್ಲಿ ದೊಡ್ಡ ತೂತು ಮಾಡಿದರೆ ಮಿದುಳಿನ ಸುತ್ತಲಿನ ನೀರು ಮೂಗಿನಿಂದ ತೊಟ್ಟಿಕ್ಕತೊಡಗುತ್ತದೆ. ಬಗ್ಗಿದರೆ ತಟತಟ ಅಂತ ತಿಳಿನೀರು, ಗಂಟಲಲ್ಲಿ ಉಪ್ಪುಪ್ಪು. ನೀರು ಹೊರಬರುವ ದಾರಿಯಲ್ಲಿ ರೋಗಾಣು ಒಳಹೋಗುತ್ತದೆ, ಮಿದುಳು ಹೊದಿಕೆಗೆ ಸೋಂಕು, ಸಾವು. ತೊಡೆಯಿಂದ ಕೊಬ್ಬು, ಸ್ನಾಯುವಿನ ಹೊದಿಕೆ ತಂದು ತುರುಕಿದರೂ ದೊಡ್ಡ ತೂತುಗಳು ಎಷ್ಟೋ ಸಲ ಸೋರುತ್ತಿದ್ದವು. ಕಿತ್ತು ತಂದ ತುಂಡಿಗೆ ರಕ್ತವಿಲ್ಲ, ಅದು ಅಂಟಿಕೊಳ್ಳಲು ಸಮಯ ಬೇಕು.

ಉತ್ತರ ಬಂದದ್ದು 2006ರಲ್ಲಿ, ಅರ್ಜೆಂಟೀನಾದ ಹದಾದ್ ಮತ್ತು ಬಸ್ಸಗಾಸ್ತೆಗಿ ಅವರ ಕಲ್ಪನೆಯಿಂದ. ಮೂಗಿನ ನಡುಗೋಡೆಯ ಒಳಪದರವನ್ನು ಬಿಡಿಸಿ, ಅದಕ್ಕೆ ರಕ್ತ ತರುವ ಧಮನಿಯ ಕಡೆಯ ತೊಟ್ಟನ್ನು ಮಾತ್ರ ಕತ್ತರಿಸದೆ ಉಳಿಸಿಕೊಂಡು, ಹಾಗೇ ತಿರುಗಿಸಿ ತೂತಿನ ಮೇಲೆ ಹೊದಿಸುವುದು. ತೊಟ್ಟು ಇರುವುದರಿಂದ ಅದು ಜೀವಂತ ತೇಪೆ. ಸೋರುವುದು ಬಹಳಷ್ಟು ತಗ್ಗಿತು.

ತೊಟ್ಟು ಉಳಿಸಿಕೊಂಡು ಚರ್ಮ ತಿರುಗಿಸುವ ಈ ಉಪಾಯ ಎಲ್ಲೋ ಕೇಳಿದ ಹಾಗಿದೆಯಲ್ಲ? 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೇನೆಯ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್ಜಿ ಎಂಬ ಮರಾಠಿ ಮನುಷ್ಯ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಪುಣೆಯ ಹತ್ತಿರ ಇಟ್ಟಿಗೆ ಕಸುಬಿನ ಜಾತಿಯ ಒಬ್ಬ ವೈದ್ಯ ಅವನ ಹಣೆಯ ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವಿನ ತೊಟ್ಟು ಉಳಿಸಿಕೊಂಡು, ಕೆಳಕ್ಕೆ ತಿರುಗಿಸಿ ಹೊಸ ಮೂಗು ಮಾಡಿದ. ಇಬ್ಬರು ಇಂಗ್ಲಿಷ್ ಡಾಕ್ಟರುಗಳು ಎದುರಿಗೇ ನಿಂತು ನೋಡಿದರು. 1794ರ ಅಕ್ಟೋಬರಿನಲ್ಲಿ ಅದು ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜಿನ್‌ನಲ್ಲಿ ಚಿತ್ರಸಮೇತ ಅಚ್ಚಾಯಿತು. ಓದಿದ ಕಾರ್ಪ್ಯೂ ಎಂಬ ಸರ್ಜನ್ 1814ರಲ್ಲಿ ಲಂಡನ್ನಿನಲ್ಲೂ ಹಾಗೇ ಮಾಡಿದ. ಅರ್ಜೆಂಟೀನಾದವರು ಕವಾಸ್ಜಿಯನ್ನು ನೋಡಿ ಕಲಿತರು ಅಂತ ನಾನು ಹೇಳುತ್ತಿಲ್ಲ. ಎಲ್ಲವೂ ನಮ್ಮಲ್ಲೇ ಇತ್ತು ಅನ್ನುವವರಿಗೆ ಬತ್ತಳಿಕೆಯಲ್ಲಿ ಇನ್ನೊಂದು ಬಾಣ ಕೊಡುವ ಆಸೆಯೂ ನನಗಿಲ್ಲ. ತೊಟ್ಟಿನ ತತ್ವ ಅಷ್ಟರಲ್ಲಿ ಜಗತ್ತಿನ ಎಲ್ಲ ಸರ್ಜನ್‌ಗಳ ಆಸ್ತಿಯಾಗಿತ್ತು. ಆದರೆ ಹೆಸರೇ ಉಳಿಯದ ಆ ವೈದ್ಯನಿಗೆ ಈ ಚರಿತ್ರೆಯಲ್ಲಿ ಒಂದು ಪ್ಯಾರಾ ಸಲ್ಲಬೇಕು ಅಂತ ನನಗನ್ನಿಸುತ್ತದೆ.

ಈಗಿನ ಆಪರೇಷನ್ ಕೋಣೆ ನೋಡಿದರೆ ಮೇಜಿನ ಪಕ್ಕ ಇಬ್ಬರು ನಿಂತಿರುತ್ತಾರೆ. ಒಬ್ಬರು ಎಂಡೋಸ್ಕೋಪ್ ಹಿಡಿದು ದಾರಿ ತೋರಿಸುವ ಮೂಗಿನವರು, ಇನ್ನೊಬ್ಬರು ಗಡ್ಡೆ ತೆಗೆಯುವ ಮಿದುಳಿನವರು. ಎರಡು ಹೊಳ್ಳೆ, ನಾಲ್ಕು ಕೈ. ಇಬ್ಬರ ಕಣ್ಣೂ ಟೀವಿ ಪರದೆಯ ಮೇಲೆ. ಪಕ್ಕದಲ್ಲಿ ಧಮನಿ ಮಿಡಿಯುವುದು ದೊಡ್ಡದಾಗಿ ಕಾಣುತ್ತಿರುತ್ತದೆ. ಅದಕ್ಕೆ ಗಾಯವಾದರೆ ಇವತ್ತಿಗೂ ಜೀವಕ್ಕೆ ಅಪಾಯ. ಕೊನೆಗೆ ತೇಪೆ ಹೊದಿಸಿ, ಮೂಗಿಗೆ ಹತ್ತಿ ತುಂಬಿ ಕಳಿಸುತ್ತಾರೆ. ಮನೆಗೆ ಹೋಗುವ ದಿನ ರೋಗಿಗೆ ಹೇಳುವುದು ಇಷ್ಟು: ಕೆಲವು ವಾರ ಮೂಗು ಹಿಂಡಬೇಡಿ, ಭಾರ ಎತ್ತಬೇಡಿ, ಮಲಬದ್ಧತೆ ಆಗದ ಹಾಗೆ ನೋಡಿಕೊಳ್ಳಿ, ಸೀನು ಬಂದರೆ ತಡೆಯಬೇಡಿ, ಬಾಯಿ ತೆರೆದು ಸೀನಿ. ಬಗ್ಗಿದಾಗ ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ ನೆಗಡಿ ಅಂದುಕೊಂಡು ಕೂರಬೇಡಿ, ಕೂಡಲೇ ಬನ್ನಿ.